ಸ್ಥಳ ಎನ್ನುವ ಕಾಲಂ

ಶಿರ್ವದಲ್ಲಿ ಬಸ್ಸು ನಿಂತಾಗ ಮ್ಯಾಗ್ಡಲಿನ್ ಬಲಗಡೆ ನೋಡುವುದಿಲ್ಲ. ಹನ್ನೊಂದು ವರ್ಷದಿಂದ ನೋಡಿಲ್ಲ. ಕಾಪುವಿನಲ್ಲಿ ಏಳೂಮುಕ್ಕಾಲಿಗೆ ಹತ್ತಿ, ಎಡಗಡೆಯ ಕಿಟಕಿ ಹಿಡಿದು, ಊಟದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರೆ ಕಾರ್ಕಳದವರೆಗೆ ಅವಳು ಪೂರ್ತಿ ಎಚ್ಚರದಲ್ಲೂ ಇರುವುದಿಲ್ಲ, ಪೂರ್ತಿ ನಿದ್ದೆಯಲ್ಲೂ ಇರುವುದಿಲ್ಲ. ಗದ್ದೆ ಬರುತ್ತದೆ, ತೆಂಗಿನ ಸಾಲು ಬರುತ್ತದೆ, ಬೀಗ ಹಾಕಿದ ಎರಡಂತಸ್ತಿನ ಮನೆಗಳು ಬರುತ್ತವೆ, ಮತ್ತೆ ಗದ್ದೆ. ಅವೆಲ್ಲ ತಮ್ಮಷ್ಟಕ್ಕೆ ಹಿಂದೆ ಸರಿಯುತ್ತಿರುವಾಗ ಅವಳ ತಲೆಯೊಳಗೆ ಕಾಗದಗಳು ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುತ್ತಿರುತ್ತವೆ: ಎಮ್ಮೆ ಕರು ಹಾಕಿತು, ಗಾಳಿಗೆ ಮಾಡಿನ ಹಂಚು ಹಾರಿತು, ತಮ್ಮನಿಗೆ ಒಂದು ಹುಡುಗಿ ನೋಡಿದ್ದೇವೆ, ಸಾಹೇಬರು ದಯಮಾಡಿ ಪರಿಶೀಲಿಸಬೇಕು. ಇವತ್ತು ಯಾರೋ ಮಲ್ಲಿಗೆಯ ಬುಟ್ಟಿಗಳನ್ನು ಹಿಂದಿನ ಬಾಗಿಲಿನಿಂದ ಏರಿಸುತ್ತಿದ್ದುದರಿಂದ ಬಸ್ಸು ಬೇಗ ಹೊರಡಲಿಲ್ಲ. ಪರಿಮಳ ಒಂದೊಂದೇ ಸೀಟು ದಾಟಿ ಮುಂದೆ ಬಂತು. ಅವಳ ಕುತ್ತಿಗೆ ತಾನಾಗಿ ಬಲಕ್ಕೆ ತಿರುಗಲು ಹೊರಟಿತು. ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ನಮಾನ್ ಮರಿಯೆ ಪ್ರಾರ್ಥನೆ ಹೇಳತೊಡಗಿದಳು. ಅರ್ಧದಲ್ಲಿರುವಾಗ ಬಸ್ಸು ಹೊರಟಿತು, ಉಳಿದರ್ಧ ಹೇಳಲು ಮರೆತಳು.

ಇವತ್ತು ಮಣಿಪಾಲದಿಂದ ಪರೀಕ್ಷೆ ಮಾಡುವವರು ಬರುತ್ತಾರೆ. ಪರೀಕ್ಷೆ ಎಂದು, ಅವಳು ಕೆಲಸ ಮಾಡುವ ಕಾಗದಸಂಗ್ರಹವನ್ನು ನೋಡಿಕೊಳ್ಳುವ ಗುಣಪಾಲರು ಹೇಳಿರಲಿಲ್ಲ. "ಕಂಪ್ಯೂಟರಿಗೆ ಹಾಕುವ ಸಿದ್ಧತೆ ನೋಡ್ಲಿಕ್ಕೆ ಬರ್ತಾರೆ ಅಷ್ಟೆ" ಎಂದಿದ್ದರು. ಆದರೆ ಐವತ್ತೇಳು ವರ್ಷದ ಹೆಂಗಸಿಗೆ ಯಾವುದು ಪರೀಕ್ಷೆ, ಯಾವುದು ಅಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕಾರ್ಕಳದ ಆ ಹಳೆ ಮನೆಯ ಎದುರಿನ ಎರಡು ಕೋಣೆಗಳಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಕಾಗದಗಳಿವೆ. ಗುಣಪಾಲರ ಅಜ್ಜ, ಅಪ್ಪ, ಚಿಕ್ಕಪ್ಪ, ಮೂವರೂ ಜಗಲಿಯಲ್ಲಿ ಕೂತು ಅಕ್ಷರ ಬಾರದವರಿಗೆ ಅರ್ಜಿ, ಕಾಗದ, ಒಪ್ಪಂದ ಬರೆದುಕೊಟ್ಟವರು. ಬರೆದದ್ದರ ಅಡಿಯಲ್ಲಿ ನೀಲಿ ಕಾರ್ಬನ್ ಇಟ್ಟು ಒಂದು ನಕಲನ್ನು ತಾವು ಉಳಿಸಿಕೊಳ್ಳುವುದು ಆ ಮನೆಯ ಕ್ರಮ. ಬರೆದು ಮುಗಿದ ಮೇಲೆ ಗಟ್ಟಿಯಾಗಿ ಓದಿ ಹೇಳಬೇಕು, ಬರೆಸಿದವರು ಹೌದೆನ್ನಬೇಕು, ಆಮೇಲೆ ನಕಲಿನ ಮೇಲೂ ಅವರ ಹೆಬ್ಬೆಟ್ಟು ಬೀಳಬೇಕು. ನಾಳೆ ಬಂದು ನಾನು ಹಾಗೆ ಹೇಳಿಯೇ ಇಲ್ಲ ಎನ್ನಬಾರದು. ಪ್ರತಿ ನಕಲಿನ ಕೊನೆಯಲ್ಲೂ ಒಂದೇ ಸಾಲು: 'ಓದಿ ಹೇಳಿದೆ, ಒಪ್ಪಿದರು.' ಮ್ಯಾಗ್ಡಲಿನ್ ಇಪ್ಪತ್ತಾರು ವರ್ಷದಿಂದ ಅವುಗಳಿಗೆ ಕಾರ್ಡು ಬರೆಯುತ್ತಿದ್ದಾಳೆ. ಮದುವೆ ಆಗಲಿಲ್ಲ, ಕಾಪುವಿನ ತಮ್ಮನ ಮನೆಯಲ್ಲಿ ಒಂದು ಕೋಣೆ ಅವಳದ್ದು, ಆದರೆ ಇಲ್ಲಿ ಎರಡು ಕೋಣೆ ಅವಳದ್ದು ಎಂದು ಅವಳು ಕೆಲವೊಮ್ಮೆ ಲೆಕ್ಕ ಹಾಕಿ ಸಂತೋಷಪಡುತ್ತಿದ್ದುದುಂಟು.

ಬಂದವಳು ದೀಕ್ಷಿತಾ ಎನ್ನುವವಳು. ಮೂವತ್ತೆರಡು ಮೂವತ್ತಮೂರು ಇರಬಹುದು, ಸ್ಕೂಟರಿನಲ್ಲಿ ಬಂದಿದ್ದಳು, ಹೆಲ್ಮೆಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಕೊನೆಗೆ ಅರ್ಜಿಗಳ ಕಟ್ಟಿನ ಮೇಲೆಯೇ ಇಟ್ಟಳು. ಮ್ಯಾಗ್ಡಲಿನ್ ಅದನ್ನೆತ್ತಿ ಕುರ್ಚಿಯ ಮೇಲಿಟ್ಟಳು. "ಓ, ಸಾರಿ ಮೇಡಂ" ಎಂದು ದೀಕ್ಷಿತಾ ನಿಜವಾಗಿಯೂ ನಾಚಿಕೊಂಡದ್ದು ನೋಡಿ ಇವಳಿಗೆ ಸ್ವಲ್ಪ ಬೇಸರವೇ ಆಯಿತು. ಸಿಟ್ಟು ಮಾಡಲು ಅನುಕೂಲವಾದ ಹುಡುಗಿಯಲ್ಲ. ಹನ್ನೆರಡು ಪುಟದ ಫಾರಂ ತೆಗೆದಳು. ಕಂಪ್ಯೂಟರು ಎಷ್ಟು ಹಳೆಯದು, ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ, ಮಳೆಗಾಲದಲ್ಲಿ ಇಂಟರ್ನೆಟ್ ಇರುತ್ತದೋ, ಟೈಪು ಮಾಡಿದ್ದನ್ನು ಇನ್ನೊಂದು ಕಡೆ ಉಳಿಸುವ ಅಭ್ಯಾಸ ಉಂಟೋ. ತಂತ್ರಾಂಶದ ವಿಷಯ ಹೇಳುವಾಗ ಅವಳ ಮುಖ ಅರಳಿತು. "ಇದು ಓಪನ್ ಸೋರ್ಸ್ ಮೇಡಂ. ಯಾರ ಸ್ವತ್ತೂ ಅಲ್ಲ. ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು. ಒಳಗೆ ಎಂತ ಉಂಟು ಅಂತ ಯಾರು ಬೇಕಾದರೂ ತೆರೆದು ನೋಡಬಹುದು, ಮುಚ್ಚಿಟ್ಟದ್ದು ಅಂತ ಎಂತದೂ ಇಲ್ಲ." ಗುಣಪಾಲರು ದೊಡ್ಡದಾಗಿ ತಲೆಯಾಡಿಸಿದರು. ಎಪ್ಪತ್ತೊಂದರ ಗುಣಪಾಲರು ಹೊಸ ಅಂಗಿ ಹಾಕಿದ್ದರು. ಫಾರಮ್ಮಿನ ಕೊನೆಯಲ್ಲಿ ಮೂರು ಚೌಕಗಳಿದ್ದವು: ಸಿದ್ಧ, ಷರತ್ತಿನ ಮೇಲೆ ಸಿದ್ಧ, ಸಿದ್ಧವಿಲ್ಲ. ಮೂರನೆಯದಕ್ಕೆ ಗುರುತು ಬಿದ್ದರೆ ಸಂಗ್ರಹದ ಖರ್ಚು ನೋಡಿಕೊಳ್ಳುವ ಟ್ರಸ್ಟಿನವರು ಈ ಮನೆಯ ಬಾಗಿಲು ಮುಚ್ಚಿ ಕಟ್ಟುಗಳನ್ನೆಲ್ಲ ದೂರದ ಯಾವುದೋ ಗೋದಾಮಿಗೆ ಸಾಗಿಸುತ್ತಾರೆ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ನಾಲ್ಕನೇ ಪುಟದಲ್ಲಿ ದೀಕ್ಷಿತಾ ಕಾರ್ಡಿನ ಡಬ್ಬಿ ಎಳೆದು ಒಂದನ್ನು ಹೊರತೆಗೆದಳು. ಅಕ್ಷರ ಎಷ್ಟು ಚೆಂದ ಎಂದಳು. ನಂಬ್ರ, ಬರೆಸಿದವರು, ಅವರ ಮನೆಯ ಹೆಸರು, ಯಾರಿಗೆ, ವರ್ಷ, ವಿಷಯ, ಎಲ್ಲ ಉಂಟು. "ಮತ್ತೆ ಇದು 'ಸ್ಥಳ' ಅಂತ ಉಂಟಲ್ಲ, ಖಾಲಿ?" ಇನ್ನೊಂದು ತೆಗೆದಳು, ಖಾಲಿ. ಇನ್ನೊಂದು. ಮ್ಯಾಗ್ಡಲಿನ್ ಕಿಟಕಿಯ ಹೊರಗೆ ನೋಡಿದಳು. ಹೊರಗೆ ಒಗೆದ ಬಟ್ಟೆ ಒಣಗುತ್ತಿತ್ತು, ಒಂದು ಬಿಳಿ ಲುಂಗಿ ಗಾಳಿಗೆ ಉಬ್ಬುತ್ತ ಇಳಿಯುತ್ತ ಇತ್ತು, ಅದನ್ನು ನೋಡುತ್ತ ನೋಡುತ್ತ ಅವಳು ಒಂದು ಟ್ರೇ ಹಿಡಿದು ನಿಂತಿದ್ದಳು, ಟ್ರೇಯಲ್ಲಿ ಐದು ಲೋಟ ಚಹಾ, ಅವಳಿಗೆ ಮೂವತ್ತೊಂದು ವರ್ಷ, ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಚಹಾ ತರುವುದು ಅವಳ ಕೆಲಸವಾಗಿರಲಿಲ್ಲ, ಆದರೆ ಹೆಂಗಸು ಒಬ್ಬಳೇ ಇದ್ದುದರಿಂದ ಯಾರೂ ಅದನ್ನು ಯೋಚಿಸಲಿಲ್ಲ. ಬಾಗಿಲ ಆಚೆ ಟ್ರಸ್ಟಿನವರೊಬ್ಬರು ಹೇಳುತ್ತಿದ್ದರು: "ಕಾರ್ಡು ಒಮ್ಮೆ ಬರೆದು ಮುಗಿಯಲಿ ಮಾರಾಯ, ಆಮೇಲೆ ಅವಳು ಎಂತಕ್ಕೆ?" ನಗು ಕೇಳಿಸಿತು, ದೊಡ್ಡ ನಗುವೂ ಅಲ್ಲ. ಅವಳು ಒಳಗೆ ಹೋಗಿ ಎಲ್ಲರಿಗೂ ಚಹಾ ಕೊಟ್ಟು, ಸಕ್ಕರೆ ಸಾಕೋ ಎಂದೂ ಕೇಳಿ ಹೊರಗೆ ಬಂದಳು. ಮರುದಿನದಿಂದ ಯಾವ ಕಾರ್ಡಿನಲ್ಲೂ ಯಾವ ಕಟ್ಟು, ಯಾವ ಕಪಾಟು ಎಂದು ಬರೆಯಲಿಲ್ಲ. ಮೊದಲು ಬರೆದ ನಾನೂರನ್ನೂ ಆ ಕಾಲಂ ಖಾಲಿ ಬಿಟ್ಟು ಹೊಸದಾಗಿ ಪ್ರತಿ ಮಾಡಿದಳು. ಹನ್ನೊಂದು ಸಾವಿರ ಸ್ಥಳಗಳನ್ನು ತಲೆಯಲ್ಲಿ ಇಟ್ಟುಕೊಂಡಳು. ಕೇಳಿದವರಿಗೆ "ಅದು ಕಟ್ಟುಗಳು ಇನ್ನೂ ಅದಲು ಬದಲು ಆಗ್ತಾ ಉಂಟಲ್ಲ, ಕೊನೆಗೆ ಬರೆಯುವ" ಎನ್ನುತ್ತಿದ್ದಳು. ಈಗ ದೀಕ್ಷಿತಾಳಿಗೂ ಅದನ್ನೇ ಅಂದಳು. ಇಪ್ಪತ್ತಾರು ವರ್ಷ ಅದಲು ಬದಲಾಗುವ ಕಟ್ಟುಗಳನ್ನು ಆ ಹುಡುಗಿ ಪ್ರಶ್ನಿಸಲಿಲ್ಲ, ಸುಮ್ಮನೆ ಏನೋ ಬರೆದುಕೊಂಡಳು.

ಬರೆದು ಮುಗಿಸಿ ಹೇಳಿದಳು, "ಈಗ ಒಂದು ಸಣ್ಣ ಟೆಸ್ಟ್. ನಾನು ಡಬ್ಬಿಯಿಂದ ಹತ್ತು ಕಾರ್ಡು ಕಣ್ಣು ಮುಚ್ಚಿ ತೆಗೀತೇನೆ. ಮೊದಲು ಮೇಡಂ ಇಲ್ಲದೆ ಹುಡುಕಬೇಕು, ಆಮೇಲೆ ಮೇಡಂ. ಮೇಡಂ, ಬೇಸರ ಮಾಡಬೇಡಿ, ನೀವು ಒಮ್ಮೆ ಹೊರಗೆ ಕೂತುಕೊಳ್ತೀರಾ?" ಹೀಗೆ ಅವಳು ತನ್ನ ಎರಡು ಕೋಣೆಗಳಿಂದ ಹೊರಗೆ ಬಂದು ಜಗಲಿಯ ಬೆಂಚಿನ ಮೇಲೆ ಕೂತಳು. ಬರೆಸುವವರು ಸರದಿ ಕಾಯುತ್ತಿದ್ದ ಬೆಂಚು ಅದು. ಹನ್ನೊಂದು ಗಂಟೆಯ ಬಿಸಿಲು ಹಂಚಿನ ಸಂದಿನಿಂದ ಇಳಿದು ಅವಳ ಸೀರೆಯ ಮೇಲೆ ಸಣ್ಣ ಸಣ್ಣ ತುಂಡುಗಳಾಗಿ ಬಿದ್ದಿತ್ತು. ಪಕ್ಕದಲ್ಲಿ ಇನ್ನೂ ನಾಲ್ಕೈದು ಮಂದಿ ಕೂತಂತೆ ಅನಿಸಿತು, ಎಲೆಯಡಿಕೆಯ ವಾಸನೆ, ಒದ್ದೆ ಕಂಬಳಿಯ ವಾಸನೆ. ಒಬ್ಬ ಕೇಳಿದ, ನಿಮ್ಮದು ಎಂತ ಬರೆಸ್ಲಿಕ್ಕೆ? ನನ್ನದು ಎಂತ ಇಲ್ಲ, ನಾನು ಸುಮ್ಮನೆ ಬಂದವಳು, ಎಂದಳು. ಒಳಗೆ ಕಪಾಟಿನ ಬಾಗಿಲುಗಳು ತೆರೆಯುವ, ಮುಚ್ಚುವ ಸದ್ದು. ಗುಣಪಾಲರ ಏದುಸಿರು. ಒಂದು ಸಿಕ್ಕಿತು. ಎರಡನೆಯದಿಲ್ಲ. ಮೂರನೆಯದು ಇಲ್ಲ. ಒಂದೊಂದು ಇಲ್ಲಕ್ಕೂ ಅವಳ ಎದೆಯಲ್ಲಿ ಸಂತೋಷವಾಗುತ್ತಿತ್ತು. ಅದು ಸಂತೋಷವೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ನಾಚಿಕೆಯೂ ಆಯಿತು, ನಾಚಿಕೆಯಾದರೂ ಸಂತೋಷ ನಿಲ್ಲಲಿಲ್ಲ. ಆಮೇಲೆ ದೀಕ್ಷಿತಾ ಓದುವುದು ಕೇಳಿಸಿತು: "ಏಳು ಸಾವಿರದ ಇನ್ನೂರ ಹದಿನಾಲ್ಕು. ಸೆರಾಫಿನ್, ಶಿರ್ವ. ಗಂಡ ಪಾಸ್ಕಲ್, ಬೊಂಬಾಯಿ. ಸಾವಿರದ ಒಂಬೈನೂರ ಅರವತ್ತೊಂದು." ಬಹಳ ಹೊತ್ತು ಕಾಗದ ಸರಿದಾಡಿತು. ಗುಣಪಾಲರ ದನಿ ಬಂತು: "ಇಲ್ಲ. ಅದು ಇಲ್ಲಿ ಇಲ್ಲ."

ಆ ಮಾತನ್ನು ಅವರು ಹಿಂದೆ ಹೇಳಿದಾಗ ಅವಳು ಕೇಳಿರಲಿಲ್ಲ, ಆದರೂ ಇದೇ ದನಿಯಲ್ಲಿ ಹೇಳಿದ್ದಿರಬೇಕು. ಹನ್ನೊಂದು ವರ್ಷದ ಹಿಂದೆ, ಮೊಂತಿ ಫೆಸ್ತಿನ, ಹೊಸ ತೆನೆಯ ಹಬ್ಬದ ವಾರ ಅದು. ದುಬಾಯಿಯಿಂದ ಚಿಕ್ಕ ತಮ್ಮ ಬಂದಿದ್ದ, ಹೊಸ ತೆನೆ ತಂದು, ಹೊಸ ಅಕ್ಕಿಯ ಊಟ ಮಾಡಿ, ಅವಳು ಆರು ದಿನ ರಜೆಯಲ್ಲಿದ್ದಳು. ಮರಳಿ ಬಂದಾಗ ಸಂದರ್ಶಕರ ಪುಸ್ತಕದಲ್ಲಿ ಹೊಸ ಸಾಲೊಂದಿತ್ತು: ಬರ್ತಾ, ಶಿರ್ವ, ಫೋನ್ ನಂಬ್ರ, 'ಅಮ್ಮ ಸೆರಾಫಿನ್ ಅಪ್ಪನಿಗೆ ಬರೆಸಿದ ಕಾಗದ, ಅಮ್ಮ ಕೇಳುತ್ತಿದ್ದಾರೆ.' ಅದರ ಮುಂದೆ ಗುಣಪಾಲರ ಅಕ್ಷರದಲ್ಲಿ, 'ಸಿಗಲಿಲ್ಲ'. ಅದನ್ನು ಓದಿದ ಕ್ಷಣವೇ ಆ ಕಾಗದ ಎಲ್ಲಿದೆಯೆಂದು ಅವಳ ಕೈಗೆ ಗೊತ್ತಾಯಿತು. ಫೋನು ಮೇಜಿನ ಮೇಲೆಯೇ ಇತ್ತು. ನೋಡಿ, ನಾನು ಆರು ದಿನ ಇಲ್ಲದಿದ್ದರೆ ಏನಾಗುತ್ತದೆ, ಎಂದುಕೊಂಡಳು. ಪುನಃ ಬರಲಿ, ಬಂದು ನನ್ನನ್ನು ಕೇಳಲಿ, ಆಗ ಎರಡು ನಿಮಿಷದಲ್ಲಿ ತೆಗೆದುಕೊಡುತ್ತೇನೆ, ಗುಣಪಾಲರ ಎದುರಿಗೇ. ಒಂದು ವಾರ ಕಾದಳು. ಒಂದು ತಿಂಗಳಾಯಿತು. ತಿಂಗಳಾದ ಮೇಲೆ ಫೋನು ಮಾಡಿದರೆ ಯಾಕೆ ಇಷ್ಟು ದಿನ ಎಂದು ಕೇಳುತ್ತಾರೆ. ವರ್ಷವಾದ ಮೇಲಂತೂ ಕೇಳುವುದೇ ಬೇಡ. ಶಿರ್ವದ ಸ್ಟಾಪಿನಲ್ಲಿ ಮನೆಗಳಿರುವುದು ಬಲಗಡೆ; ಬೆಳಗಿನ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಅವಳ ಖಾಯಂ ಜಾಗವಾಯಿತು. ಪಾಪನಿವೇದನೆಯಲ್ಲಿ ಪಾದ್ರಿಯವರಿಗೆ ಸಿಟ್ಟಿನ ವಿಷಯ, ಆಲಸ್ಯದ ವಿಷಯ ಹೇಳುತ್ತಿದ್ದಳು. ಇದನ್ನು ಹೇಳಲಿಲ್ಲ, ಯಾಕೆಂದರೆ ಇದಕ್ಕೆ ಏನು ಹೆಸರು ಎಂದು ಅವಳಿಗೆ ಗೊತ್ತಿರಲಿಲ್ಲ.

"ಮೇಡಂ, ಬನ್ನಿ." ಹತ್ತರಲ್ಲಿ ಎರಡು ಸಿಕ್ಕಿತ್ತು. ಗುಣಪಾಲರ ಹೊಸ ಅಂಗಿಯ ಮೇಲೆ ಧೂಳು ಹಿಡಿದಿತ್ತು, ಕಾಲರು ಒದ್ದೆಯಾಗಿತ್ತು, ಅವರು ಅವಳ ಮುಖ ನೋಡಿ ನಕ್ಕರು: "ಮರ್ಯಾದೆ ಹೋಯ್ತು ನನ್ನದು. ಇನ್ನು ನೀವೇ." ಅವಳು ಕಾರ್ಡುಗಳನ್ನು ಕೈಗೆ ತೆಗೆದುಕೊಂಡಳು. ನಡೆಯತೊಡಗಿದ ಮೇಲೆ ಯೋಚಿಸಬೇಕಾಗಲಿಲ್ಲ, ಕಾಲು ತಿರುಗಿದ ಕಡೆ ಕಪಾಟು ಇತ್ತು, ಕೈ ಚಾಚಿದ ಕಡೆ ಕಟ್ಟು. ತನ್ನದೇ ಮನೆಯ ಅಡುಗೆಕೋಣೆಯಲ್ಲಿ ಕತ್ತಲೆಯಲ್ಲಿ ಉಪ್ಪಿನ ಡಬ್ಬಿ ತೆಗೆಯುವಷ್ಟೇ ಸುಲಭ. ದೀಕ್ಷಿತಾ ಮೊಬೈಲಿನಲ್ಲಿ ಸಮಯ ನೋಡುತ್ತ ನೋಡುತ್ತ, ಆಮೇಲೆ ಸಮಯ ನೋಡುವುದನ್ನು ಬಿಟ್ಟು ಇವಳನ್ನೇ ನೋಡತೊಡಗಿದಳು. ಒಂಬತ್ತು ಕಾಗದ ಮೇಜಿನ ಮೇಲೆ ಬಂದವು. ಹತ್ತನೆಯ ಕಾರ್ಡನ್ನು ಅವಳು ಬೇಕೆಂದೇ ಕೊನೆಗೆ ಉಳಿಸಿದ್ದಳು. ಸಿಗಲಿಲ್ಲ ಎಂದುಬಿಡಬಹುದು. ಹತ್ತರಲ್ಲಿ ಒಂಬತ್ತು ಯಾರಿಗೂ ಅವಮಾನವಲ್ಲ. ಆಗ ಗುಣಪಾಲರ ಇಲ್ಲವೂ ತನ್ನ ಇಲ್ಲವೂ ಒಂದೇ ಆಗುತ್ತದೆ, ಹನ್ನೊಂದು ವರ್ಷ ಅಲ್ಲಿಗೆ ಮುಗಿಯುತ್ತದೆ. ಅವಳು ಎರಡನೇ ಕೋಣೆಯ ನಡುವೆ ನಿಂತಳು. ಧೂಳು ಬೆಳಕಿನಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಎಷ್ಟು ಹೊತ್ತು ನಿಂತಳೋ, ಕೈ ಮಾತ್ರ ಅವಳಿಗೆ ಹೇಳದೆಯೇ ಕಪಾಟಿನಲ್ಲಿ ಕೆಳಗಿನಿಂದ ಎರಡನೇ ತಟ್ಟಿಗೆ ಹೋಗಿ ಕಟ್ಟಿನ ದಾರ ಬಿಚ್ಚಿ ಕಾಗದವನ್ನು ಹೊರಗೆಳೆದಿತ್ತು.

ಗುಣಪಾಲರು ಅದನ್ನು ನೋಡಿದರು, ಕನ್ನಡಕ ತೆಗೆದು ಒರೆಸಿ ಪುನಃ ನೋಡಿದರು. "ಸೆರಾಫಿನ್. ಇದನ್ನು ಕೇಳ್ಲಿಕ್ಕೆ ಒಬ್ಬರು ಬಂದಿದ್ರು. ಅವರಮ್ಮನಿಗೆ ತುಂಬ ವರ್ಷ ಆಗಿತ್ತು. ನಾನು ಇಲ್ಲ ಅಂತ ಹೇಳಿ ಕಳಿಸಿದೆ." ಕುರ್ಚಿಯಲ್ಲಿ ಕೂತರು. "ಛೆ. ಎಂತ ಕೆಲಸ ಮಾಡಿದೆ ನಾನು. ಸರಿ ಹುಡುಕ್ಲೇ ಇಲ್ಲ." ಅವರು ನಿಜವಾಗಿಯೂ ನೊಂದುಕೊಂಡಿದ್ದರು. ತಪ್ಪು ಅಷ್ಟು ಸುಲಭವಾಗಿ, ಕೇಳದೆಯೇ, ಅವರ ತಲೆಯ ಮೇಲೆ ಹೋಗಿ ಕೂತಿತ್ತು. ಮ್ಯಾಗ್ಡಲಿನ್‌ಗೆ ಅಳು ಬಂತು. "ನೀವಲ್ಲ ಸರ್. ನನಗೆ ಗೊತ್ತಿತ್ತು. ರಜೆ ಮುಗಿಸಿ ಬಂದ ದಿನವೇ ಗೊತ್ತಿತ್ತು, ನಾನು ಫೋನ್ ಮಾಡಲಿಲ್ಲ. ಮತ್ತೆ ಆ ಕಾಲಂ ಬರೆಯಲಿಕ್ಕೆ ಬಿಟ್ಟುಹೋದದ್ದಲ್ಲ. ಬೇಕಂತಲೇ ಬಿಟ್ಟದ್ದು. ಎಲ್ಲದರಲ್ಲೂ. ಬರೆದುಬಿಟ್ಟರೆ ನೀವು ನನ್ನನ್ನು ಕಳಿಸುತ್ತೀರಿ ಅಂತ." ಆಕಾಶ ಕಳಚಿ ಬೀಳಲಿಲ್ಲ. ದೀಕ್ಷಿತಾ ಫಾರಮ್ಮಿನ ಹಾಳೆಗಳನ್ನು ತಿರುವಿ ಒಂದು ಕಡೆ ಬೆರಳಿಟ್ಟು, ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು: "ಮೇಡಂ, ಅಳಬೇಡಿ. ನಾನು ಹೋದ ಕಡೆಯೆಲ್ಲ ಇದು ಉಂಟು. ಇದಕ್ಕೆ ಫಾರಮ್ಮಿನಲ್ಲೇ ಜಾಗ ಉಂಟು ನೋಡಿ, ಒಂಬತ್ತು ಬಿ, 'ವ್ಯಕ್ತಿಯೊಬ್ಬರ ನೆನಪಿನ ಮೇಲೆ ಅವಲಂಬನೆ'. ಕಡಿಮೆ, ಮಧ್ಯಮ, ಹೆಚ್ಚು." 'ಹೆಚ್ಚು' ಎಂಬಲ್ಲಿ ಗುರುತು ಹಾಕಿದಳು. ಮ್ಯಾಗ್ಡಲಿನ್ ಆ ಗುರುತನ್ನು ನೋಡಿದಳು. ಇಪ್ಪತ್ತಾರು ವರ್ಷ ಯಾರಿಗೂ ಹೇಳದೆ ಹೊತ್ತುಕೊಂಡದ್ದು, ಜಗತ್ತಿನಲ್ಲಿ ತನಗೊಬ್ಬಳಿಗೇ ಇದ್ದದ್ದು ಎಂದುಕೊಂಡ ಪಾಪ, ಅಚ್ಚು ಹಾಕಿಸಿದ ಒಂದು ಸಾಲು. ಅವಳಿಗೆ ಹಗುರವಾಗಬೇಕಿತ್ತು. ಆಗಲಿಲ್ಲ, ಬದಲಿಗೆ ಯಾರೋ ತನ್ನ ಸೀರೆ ಪೆಟ್ಟಿಗೆ ತೆರೆದು ಇಂಥದ್ದು ಎಲ್ಲರ ಮನೆಯಲ್ಲೂ ಇದೆ ಎಂದ ಹಾಗೆ ಕೆಟ್ಟದೆನಿಸಿತು. "ನೀವು ಒಂದೊಂದಾಗಿ ಹೇಳುತ್ತ ಹೋದರೆ ಎಲ್ಲ ಬರೆಸಲಿಕ್ಕೆ ಎಷ್ಟು ದಿನ ಬೇಕು?" ಎಂದು ದೀಕ್ಷಿತಾ ಕೇಳಿದಳು. "ಆರು ತಿಂಗಳು." "ಹಾಗಾದರೆ ಷರತ್ತಿನ ಮೇಲೆ ಸಿದ್ಧ ಅಂತ ಹಾಕಬಹುದು." ನಡುವಿನ ಚೌಕಕ್ಕೆ ಗುರುತು ಬಿತ್ತು. ಕಾಗದಗಳು ಕಾರ್ಕಳದಲ್ಲೇ ಉಳಿಯುತ್ತವೆ. ಆರು ತಿಂಗಳ ನಂತರ ಅವಳ ವಿಷಯ ಏನೆಂದು ಫಾರಂ ಕೇಳಿರಲಿಲ್ಲ, ಗುಣಪಾಲರೂ ಹೇಳಲಿಲ್ಲ. ಅವರು ಒಂದೇ ಮಾತು ಕೇಳಿದರು: "ಆ ಹೆಂಗಸಿಗೆ ಈಗ ಎಂತ ಹೇಳುದು?"

ಸಂಜೆಯ ಬಸ್ಸಿನಲ್ಲಿ ಶಿರ್ವದ ಆ ಮನೆಗಳು ಎಡಕ್ಕೆ ಬರುತ್ತವೆ; ಎಡಗಡೆಯೇ ಸೀಟಿತ್ತು, ಕೂತಳು. ನಿಟ್ಟೆಯಲ್ಲಿ ಕಾಲೇಜು ಮಕ್ಕಳು ಹತ್ತಿ ಬಸ್ಸು ತುಂಬಿತು, ಬೆಳ್ಮಣ್ಣಿನಲ್ಲಿ ಸ್ವಲ್ಪ ಬರಿದಾಯಿತು. ಕಾಗದದ ಜೆರಾಕ್ಸ್ ಮಡಿಲ ಚೀಲದಲ್ಲಿತ್ತು, ಅವಳಿಗೆ ಅದರ ಪ್ರತಿ ಸಾಲೂ ಗೊತ್ತಿತ್ತು. ಶಿರ್ವದಲ್ಲಿ ಇಳಿದು ಬರ್ತಾಳ ಮನೆ ಎಲ್ಲಿ ಎಂದು ಅಂಗಡಿಯಲ್ಲಿ ಕೇಳಿದಳು, ತೋರಿಸಿದರು; ಸ್ಟಾಪಿನಿಂದ ಕಾಣುವಷ್ಟು ಹತ್ತಿರ. ಗ್ರಾನೈಟು ಹಾಕಿದ ದೊಡ್ಡ ಮನೆ, ಒಂದೇ ಒಂದು ದೀಪ ಉರಿಯುತ್ತಿತ್ತು. ಬರ್ತಾ ಎಪ್ಪತ್ತರ ತೆಳ್ಳಗಿನ ಹೆಂಗಸು, ತಂತಿ ಬಾಗಿಲಿನ ಆಚೆಯಿಂದಲೇ ಕೇಳಿಸಿಕೊಂಡು, ಆಮೇಲೆ ಬಾಗಿಲು ತೆರೆದು ಸಿಟೌಟಿನಲ್ಲಿ ಕೂರಿಸಿದಳು. ಇಬ್ಬರೂ ಕೊಂಕಣಿಯಲ್ಲಿ ಮಾತಾಡಿದರು. ಮ್ಯಾಗ್ಡಲಿನ್ ಎಲ್ಲವನ್ನೂ ಹೇಳಿದಳು, ಮೊಂತಿ ಫೆಸ್ತು, ಪುಸ್ತಕದ ಸಾಲು, ಮೇಜಿನ ಮೇಲಿದ್ದ ಫೋನು. ಏನನ್ನೂ ಬಿಡಲಿಲ್ಲ. ಬರ್ತಾ ಕೈಯಲ್ಲಿದ್ದ ಟವೆಲನ್ನು ಮಡಚಿ ಇನ್ನೊಮ್ಮೆ ಮಡಚಿದಳು.

"ಅಮ್ಮನಿಗೆ ಕೊನೆಗೆ ಒಂದೇ ಹುಚ್ಚು ಹಿಡಿದಿತ್ತು" ಎಂದಳು. "ಅಪ್ಪ ಬೊಂಬಾಯಿಗೆ ಹೋದವರು ಬರಲೇ ಇಲ್ಲ. ಊರಿನವರು ಹೇಳುವುದು, ಸೆರಾಫಿನ್ ಕಾಲು ಹಿಡಿದು ಬೇಡಿ ಕಾಗದ ಬರೆಸಿದಳು, ಆದರೂ ಅವ ಬರಲಿಲ್ಲ, ಅಂತ. ಕೇಳಿ ಕೇಳಿ ಅಮ್ಮನಿಗೇ ಸಂಶಯ. ನಾನು ಬೇಡಿದ್ದೆನಾ, ಅಲ್ಲ ಬೇಡ ಅಂದಿದ್ದೆನಾ? ಮರೆತುಹೋಗಿದೆ, ನೋಡಿಕೊಂಡು ಬಾ, ಅಂತ ನನ್ನನ್ನು ಕಾರ್ಕಳಕ್ಕೆ ಓಡಿಸಿದಳು. ಅಲ್ಲಿ ಇಲ್ಲ ಅಂದರು. ಬರಿಗೈಯಲ್ಲಿ ಹೇಗೆ ಬರುವುದು? ನಾನು ಒಂದು ಹಳೆ ಕಾಗದ ಹಿಡಿದುಕೊಂಡು ಓದಿದ ಹಾಗೆ ಮಾಡಿದೆ. ಬನ್ನಿ, ಮಗು ಕೇಳುತ್ತಾ ಉಂಟು, ನಾನು ಎಲ್ಲ ಕ್ಷಮಿಸಿದ್ದೇನೆ, ಅಂತ. ಅಮ್ಮನಿಗೆ ಸಮಾಧಾನ ಆಗಲಿ ಅಂತ." ಟವೆಲನ್ನು ಪಕ್ಕಕ್ಕಿಟ್ಟು ಹೇಳಿದಳು: "ಅಮ್ಮ ಪೂರ್ತಿ ಕೇಳಿದಳು. ಕೇಳಿ ಮುಖ ಗೋಡೆಯ ಕಡೆ ಮಾಡಿ, ಇದು ಯಾರದೋ, ನನ್ನದನ್ನು ತಾ, ಅಂದಳು. ಮೂರು ತಿಂಗಳು ದಿನಾ ಕೇಳುತ್ತಿದ್ದಳು, ಸಿಕ್ಕಿತಾ, ಸಿಕ್ಕಿತಾ, ಅಂತ. ಕ್ರಿಸ್ಮಸ್ಸಿಗೆ ಎಂಟು ದಿನ ಇರುವಾಗ ತೀರಿಹೋದಳು."

ಮ್ಯಾಗ್ಡಲಿನ್‌ಗೆ ಓದಿ ಹೇಳಬೇಕು ಎನಿಸಿತು, ಆ ಕಾಗದವನ್ನು ತನ್ನ ಬಾಯಿಂದ ಹೊರಗೆ ಬಿಡಬೇಕು ಎನಿಸಿತು. ಆದರೆ ಓದಲಿಲ್ಲ. ಚೀಲದಿಂದ ತೆಗೆದು ಬರ್ತಾಳ ಕೈಯಲ್ಲೇ ಇಟ್ಟಳು. ಬರ್ತಾ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು, ದೀಪದ ಅಡಿಯಲ್ಲಿ ನಿಂತು, ಸಾಲಿನ ಕೆಳಗೆ ಬೆರಳಿಟ್ಟು ಶಾಲೆಯ ಮಕ್ಕಳ ಹಾಗೆ ತುಟಿಯಾಡಿಸುತ್ತ ಓದಿದಳು. 'ಪಾಸ್ಕಲರಿಗೆ ಸೆರಾಫಿನ್ ಬರೆಸುವುದೇನೆಂದರೆ, ನಾವು ಕ್ಷೇಮ. ಮಗುವಿನ ಕಿವಿ ಸೋರುವುದು ನಿಂತಿದೆ. ನೀವು ಅಲ್ಲಿ ಇನ್ನೊಬ್ಬಳ ಜೊತೆ ಇರುವುದು ನನಗೆ ತಿಳಿಯಿತು. ಇನ್ನು ಬರುವುದು ಬೇಡ. ಬಾಗಿಲಿಗೆ ಹೊಸ ಬೀಗ ಹಾಕಿಸಿದ್ದೇನೆ. ಮಗು ಕೇಳಿದರೆ ಅಪ್ಪ ಸತ್ತರೆಂದು ಹೇಳುವುದಿಲ್ಲ, ಸುಳ್ಳು ನನಗೆ ಬರುವುದಿಲ್ಲ.' ಕೆಳಗೆ, ಓದಿ ಹೇಳಿದೆ, ಒಪ್ಪಿದರು. ಅದರ ಬಲಕ್ಕೆ ಜೆರಾಕ್ಸಿನಲ್ಲಿ ಕಪ್ಪಗೆ ಬಂದ ಒಂದು ಹೆಬ್ಬೆಟ್ಟು. ಬರ್ತಾ ಅದರ ಮೇಲೆ ತನ್ನ ಹೆಬ್ಬೆಟ್ಟು ಇಟ್ಟಳು, ಒತ್ತಿ ಹಿಡಿದಳು. ಹೊರಗೆ ಕಾಪುವಿಗೆ ಹೋಗುವ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು.

"ಇವಳು ನನ್ನ ಅಮ್ಮ" ಎಂದಳು ಬರ್ತಾ. ಕಣ್ಣು ಕಾಗದದಿಂದ ಎತ್ತಲಿಲ್ಲ. ಮ್ಯಾಗ್ಡಲಿನ್ ಬೈಗುಳ ಬರುತ್ತದೆಂದು ಕಾದಳು, ಬರಲಿ ಎಂದೇ ಕಾದಳು. ಬರ್ತಾ ಕೇಳಿದಳು:

"ಎಲ್ಲಿತ್ತು ಇದು?"

"ಎರಡನೇ ಕೋಣೆ" ಎಂದಳು ಮ್ಯಾಗ್ಡಲಿನ್. "ಕಿಟಕಿಯ ಬದಿಯ ಮೂರನೇ ಕಪಾಟು. ಕೆಳಗಿನಿಂದ ಎರಡನೇ ತಟ್ಟು, ಹದಿನೇಳನೇ ಕಟ್ಟು."

"ಆಗಲೂ ಅಲ್ಲೇ ಇತ್ತಾ?"

"ಆಗಲೂ ಅಲ್ಲೇ ಇತ್ತು."